ತೆಂಗಿನ ತೋಟದಲ್ಲಿ ಹಿಂಗಾರಿನ ಹೊದಿಕೆ ಬೆಳೆ: ಬಿತ್ತುವ ಕಾಲಕ್ಕಿಂತ ಕೊಯ್ಯುವ ಕಾಲ ಮುಖ್ಯ

ತುಮಕೂರು, ಹಾಸನ, ಚಿಕ್ಕಮಗಳೂರು ಮತ್ತು ಚಿತ್ರದುರ್ಗ ಜಿಲ್ಲೆಗಳ ಮೈದಾನ ಪ್ರದೇಶದಲ್ಲಿ ತೆಂಗು ಮುಖ್ಯ ತೋಟದ ಬೆಳೆಯಾಗಿದೆ. ತಿಪಟೂರು, ಅರಸೀಕೆರೆ, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಕಡೂರು ಸೀಮೆಯ ಉಂಡೆ ಕೊಬ್ಬರಿಗೆ ದೇಶದ ಮಾರುಕಟ್ಟೆಯಲ್ಲಿ ಹೆಸರಿದೆ. ಆದರೆ ಈ ಭಾಗದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ರಿಂದ 700 ಮಿ.ಮೀ. ಮಾತ್ರ. ಅದರಲ್ಲಿಯೂ ದೊಡ್ಡ ಪಾಲು ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ಬೀಳುತ್ತದೆ. ಡಿಸೆಂಬರ್‌ನಿಂದ ಮಾರ್ಚ್ ಮುಗಿಯುವವರೆಗೆ ಮಳೆ ಇಲ್ಲವೆಂದೇ ಹೇಳಬೇಕು. ನೀರಾವರಿ ಇಲ್ಲದ ತೋಟದಲ್ಲಿ ಸ್ವಾತಿ ಮಳೆ ನಿಂತ ದಿನ ನೆಲದಲ್ಲಿ ಎಷ್ಟು ನೀರು ಉಳಿದಿದೆಯೋ ಅಷ್ಟರಲ್ಲಿಯೇ ಮರ ಬೇಸಿಗೆಯನ್ನು ಕಳೆಯಬೇಕಾಗುತ್ತದೆ.

ಇಂತಹ ತೋಟದಲ್ಲಿ ಹಿಂಗಾರಿನ ಹೊದಿಕೆ ಬೆಳೆಗೆ ಸ್ಥಾನ ಉಂಟೇ ಎಂದು ರೈತರು ಕೇಳುವುದುಂಟು. ಖಂಡಿತ ಉಂಟು. ಆದರೆ 50 ದಿನ ನಿಂತಾಗ ತೋಟಕ್ಕೆ ಗೊಬ್ಬರವಾಗುವ ಹುರುಳಿಯೇ 100 ದಿನ ನಿಂತರೆ ಮರದ ಪಾಲಿನ ನೀರನ್ನು ಕುಡಿದುಬಿಡುತ್ತದೆ. ಆದ್ದರಿಂದ ಏನನ್ನು ಬಿತ್ತಬೇಕು ಎಂಬುದಕ್ಕಿಂತ ಯಾವಾಗ ಕೊಯ್ಯಬೇಕು ಎಂಬುದನ್ನೇ ಈ ಲೇಖನದಲ್ಲಿ ಹೆಚ್ಚಾಗಿ ವಿವರಿಸಲಾಗಿದೆ.

ಬರಿ ನೆಲದಿಂದ ಆಗುವ ನಷ್ಟ

ತೋಟವನ್ನು ವರ್ಷಕ್ಕೆ ಮೂರು ನಾಲ್ಕು ಸಲ ಉತ್ತು, ಒಂದು ಹುಲ್ಲುಕಡ್ಡಿಯೂ ಇಲ್ಲದಂತೆ ಹಸನಾಗಿಡುವುದು ನಮ್ಮಲ್ಲಿ ಒಳ್ಳೆಯ ರೈತನ ಲಕ್ಷಣವೆಂದು ಎಣಿಸಲ್ಪಟ್ಟಿದೆ. ನೋಡಲು ಅದು ಚೆನ್ನ. ಆದರೆ ಈ ಭಾಗದ ಮರಳು ಮಿಶ್ರಿತ ಕೆಂಪು ಮಣ್ಣಿನ ಮೇಲೆ ಹಸ್ತ, ಚಿತ್ತೆ ಮಳೆಗಳ ದಪ್ಪ ಹನಿಗಳು ನೇರವಾಗಿ ಬಿದ್ದಾಗ ಮೇಲ್ಪದರ ಒಡೆದು, ನುಣುಪಾಗಿ, ಹೆಪ್ಪುಗಟ್ಟುತ್ತದೆ. ಆಮೇಲೆ ಬಿದ್ದ ಮಳೆ ಇಂಗದೆ ಕೆಂಪು ನೀರಾಗಿ ಬದುವಿನ ಕಡೆಗೆ ಹರಿಯುತ್ತದೆ. ಹೀಗೆ ಹರಿದು ಹೋಗುವುದು ನೀರು ಮಾತ್ರವಲ್ಲ, ಹಿಂದಿನ ವರ್ಷ ಹಾಕಿದ ಕೊಟ್ಟಿಗೆ ಗೊಬ್ಬರದ ಸಾರವೂ ಅದರ ಜೊತೆಗೇ ಹೋಗುತ್ತದೆ. ಮಳೆ ಜೋರಾಗುವ ಹೊತ್ತಿಗೆ ನೆಲದ ಮೇಲೆ ಎಲೆಯ ಹೊದಿಕೆ ಇದ್ದರೆ ಹನಿಯ ಪೆಟ್ಟು ತಪ್ಪುತ್ತದೆ, ನೀರು ಹರಿಯುವ ವೇಗ ತಗ್ಗುತ್ತದೆ, ಬೇರು ಬಿಟ್ಟ ದಾರಿಯಲ್ಲಿ ನೀರು ಕೆಳಗಿಳಿಯುತ್ತದೆ. ಹೊದಿಕೆ ಬೆಳೆಯಿಂದ ಮೊದಲು ಸಿಗುವ ಪ್ರಯೋಜನ ಇದು. ಗೊಬ್ಬರದ ಮಾತು ಅನಂತರದ್ದು.

ಎಕರೆಗೆ ಎಷ್ಟು ಜಾಗ ಹೀಗೆ ಬರಿದಾಗಿರುತ್ತದೆ ಎಂಬುದನ್ನೂ ಲೆಕ್ಕ ಹಾಕಬಹುದು. 30 ಅಡಿ ಅಂತರದ ತೋಟದಲ್ಲಿ ಎಕರೆಗೆ 48 ಮರಗಳು. ಪ್ರತಿ ಮರಕ್ಕೆ 1.8 ಮೀಟರ್, ಅಂದರೆ ಆರು ಅಡಿ ತ್ರಿಜ್ಯದ ಪಾತಿ ಬಿಟ್ಟರೂ ಎಲ್ಲ ಪಾತಿಗಳೂ ಸೇರಿ ಎಕರೆಯ ಎಂಟನೆಯ ಒಂದು ಪಾಲಷ್ಟೇ ಆಗುತ್ತವೆ. ಉಳಿದ ಏಳು ಪಾಲು ನೆಲ ಖಾಲಿ.

ಮರಕ್ಕೆ ನೀರಿನ ಬೆಲೆ

ತೆಂಗಿನ ಹೊಂಬಾಳೆ ಮರದ ಸುಳಿಯೊಳಗೆ ಸೂಕ್ಷ್ಮವಾಗಿ ಮೂಡಿದ ದಿನದಿಂದ ಕಾಯಿ ಬಲಿತು ಕೊಯ್ಲಿಗೆ ಬರುವವರೆಗೆ ಸುಮಾರು 44 ತಿಂಗಳು ಬೇಕು. ಅದರಲ್ಲಿ 32 ತಿಂಗಳು ಹೊಂಬಾಳೆ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಹೀಗಾಗಿ ಒಂದು ಬೇಸಿಗೆಯಲ್ಲಿ ನೀರು ಕಡಿಮೆಯಾದರೆ ಆಗ ಮರದ ಮೇಲಿರುವ ಗೊನೆಗಳಲ್ಲಿ ಹರಳು ಉದುರುವುದು, ಕಾಯಿ ಸಣ್ಣದಾಗುವುದು ಮಾತ್ರವಲ್ಲ, ಸುಳಿಯೊಳಗಿರುವ ಹೊಂಬಾಳೆಗಳೂ ಸೊರಗುತ್ತವೆ. ಅದರ ಫಲ ಮುಂದಿನ ಎರಡು ಮೂರು ವರ್ಷಗಳ ಇಳುವರಿಯಲ್ಲಿ ಕಾಣುತ್ತದೆ. "ಈ ವರ್ಷ ಮಳೆ ಚೆನ್ನಾಗಿಯೇ ಆಯಿತು, ಆದರೂ ಕಾಯಿ ಯಾಕೆ ಕಡಿಮೆ?" ಎಂದು ಕೇಳುವವರು ಹಿಂದಿನ ಎರಡು ಬೇಸಿಗೆಗಳನ್ನು ನೆನಪಿಸಿಕೊಳ್ಳಬೇಕು. 2012 ರಿಂದ 2017ರ ನಡುವೆ ಒಂದರ ಹಿಂದೆ ಒಂದರಂತೆ ಬಂದ ಬರಗಳಲ್ಲಿ ಈ ಸೀಮೆಯ ಎಷ್ಟೋ ತೋಟಗಳಲ್ಲಿ ಮರಗಳೇ ಒಣಗಿ ನಿಂತದ್ದನ್ನು ರೈತ ಬಾಂಧವರು ಮರೆತಿರಲಾರರು.

ತೆಂಗಿನ ಬೇರುಗಳ ಪೈಕಿ ಹೆಚ್ಚಿನವು ಬುಡದಿಂದ ಎರಡು ಮೀಟರ್ ಒಳಗೆ, ನೆಲಮಟ್ಟದಿಂದ ಒಂದು ಅಡಿ ಕೆಳಗಿನಿಂದ ನಾಲ್ಕು ಅಡಿ ಆಳದವರೆಗೆ ಹರಡಿರುತ್ತವೆ. ಉಳಿದವು ಸಾಲಿನ ನಡುವಿನವರೆಗೂ ಹೋಗುತ್ತವೆ. ಒಂದು ಮೀಟರ್ ಆಳದ ಮರಳು ಮಿಶ್ರಿತ ಕೆಂಪು ಮಣ್ಣು ಪೂರ್ತಿ ನೆನೆದಾಗ ಗಿಡಕ್ಕೆ ಒದಗಿಸಬಲ್ಲ ನೀರು ಸುಮಾರು 100 ಮಿ.ಮೀ. ಅಷ್ಟೇ. ಮುಂದಿನ ಲೆಕ್ಕಕ್ಕೆ ಈ ಅಂಕಿ ಬೇಕಾಗುತ್ತದೆ.

ಯಾವ ಬೆಳೆ, ಯಾವಾಗ ಬಿತ್ತನೆ

ಹಿಂಗಾರಿಗೆ ನಮ್ಮ ರೈತರು ಬಲ್ಲ ಹುರುಳಿಯೇ ಮೊದಲ ಆಯ್ಕೆ. ಕಡಿಮೆ ಮಳೆ, ತೆಳು ಮಣ್ಣು, ತಡವಾದ ಬಿತ್ತನೆ ಎಲ್ಲವನ್ನೂ ಇದು ತಡೆಯುತ್ತದೆ, ಹಂಬು ಹರಡಿ ನೆಲವನ್ನು ಮುಚ್ಚುತ್ತದೆ. ಸ್ವಲ್ಪ ನೆರಳಿರುವ ತೋಟಕ್ಕೆ ಅಲಸಂದೆ ಮೇಲು. ಸೆಣಬು ಬೇಗ ಬೆಳೆದು ಸೊಪ್ಪು ಹೆಚ್ಚು ಕೊಡುತ್ತದೆ ನಿಜ. ಆದರೆ ಹಗಲು ಕಿರಿದಾಗುವ ಕಾಲದಲ್ಲಿ ಬಿತ್ತಿದರೆ ಎತ್ತರಕ್ಕೆ ಹೋಗುವ ಮೊದಲೇ ಹೂ ಬಿಡುವುದರಿಂದ ಸೆಪ್ಟೆಂಬರ್ ಬಿತ್ತನೆಯಲ್ಲಿ ಮುಂಗಾರಿನಷ್ಟು ಸೊಪ್ಪನ್ನು ನಿರೀಕ್ಷಿಸಬಾರದು. ಎರಡು ಪಾಲು ಹುರುಳಿಗೆ ಒಂದು ಪಾಲು ಸೆಣಬು ಬೆರೆಸಿ ಎರಚಿದರೆ ಹಂಬು ಸೆಣಬನ್ನು ಹತ್ತಿ ಹೊದಿಕೆ ದಟ್ಟವಾಗುತ್ತದೆ.

ಕರಾವಳಿಯ ತೋಟಗಳಿಗೆ ಶಿಫಾರಸು ಮಾಡುವ ಪ್ಯುರೇರಿಯಾ, ಕ್ಯಾಲಪಗೋನಿಯಂ ಮುಂತಾದ ಬಳ್ಳಿಗಳನ್ನು ಇಲ್ಲಿಗೆ ತರುವ ಅಗತ್ಯವಿಲ್ಲ. ಅಲ್ಲಿ ಮುಂಗಾರಿನ ಆರಂಭದಲ್ಲಿ ಬಿತ್ತಿ, ನಾಲ್ಕೈದು ತಿಂಗಳ ಧಾರಾಳ ಮಳೆಯಲ್ಲಿ ಬೆಳೆಸಿ, ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಪಾತಿಗೆ ಸೇರಿಸುತ್ತಾರೆ. ನಮ್ಮಲ್ಲಿ ಆ ಹೊತ್ತಿಗೆ ಮಳೆ ಈಗಷ್ಟೇ ಹಿಡಿದಿರುತ್ತದೆ.

ಹುಬ್ಬೆಯ ಕೊನೆಯಿಂದ ಉತ್ತರೆ ಮಳೆಯೊಳಗೆ, ಅಂದರೆ ಸೆಪ್ಟೆಂಬರ್ ಎರಡನೆಯ ವಾರದಿಂದ ನಾಲ್ಕನೆಯ ವಾರದವರೆಗೆ ಬಿತ್ತನೆ ಮುಗಿಸುವುದು ಸೂಕ್ತ. ಹದವಾದ ಮಳೆ ಬಿದ್ದ ಮೇಲೆ ಒಂದು ಸಲ ಮೇಲಾಗಿ ಉತ್ತು, ಎಕರೆಗೆ 10 ರಿಂದ 12 ಕಿಲೋ ಹುರುಳಿ ಎರಚಿ, ಕುಂಟೆ ಹೊಡೆಯಬೇಕು. ಕಾಳಿಗಾಗಿ ಬಿತ್ತುವುದಕ್ಕಿಂತ ಬೀಜ ಸ್ವಲ್ಪ ಮುಂದಾಗಿಯೇ ಇರಲಿ, ನೆಲ ಬೇಗ ಮುಚ್ಚುತ್ತದೆ. ಹಸ್ತದಲ್ಲಿಯೂ ಬಿತ್ತಬಹುದು. ಹಸ್ತ ದಾಟಿದ ಮೇಲೆ ಹೊದಿಕೆಗೆಂದು ಬಿತ್ತುವುದು ಬೇಡ. ಜೋರು ಮಳೆಗಳು ಮುಗಿದ ಮೇಲೆ ನೆಲ ಮುಚ್ಚುವ ಬೆಳೆಯಿಂದ ಹನಿಯ ಪೆಟ್ಟೂ ತಪ್ಪಲಿಲ್ಲ, ನೀರೂ ಉಳಿಯಲಿಲ್ಲ ಎಂದಾಗುತ್ತದೆ. 2023ರಂತೆ ಮುಂಗಾರೂ ಸೋತು ಅಕ್ಟೋಬರ್ ಮಳೆಯೂ ಕೈಕೊಟ್ಟ ವರ್ಷ ಬಿತ್ತನೆಯನ್ನೇ ಬಿಟ್ಟು, ಇರುವ ಗರಿ, ಮಟ್ಟೆಗಳನ್ನು ಪಾತಿಗೆ ಹೊದಿಸುವುದು ಜಾಣತನ.

ಇದುವರೆಗೆ ದ್ವಿದಳ ಬೆಳೆ ಬಿತ್ತದ ತೋಟವಾದರೆ ಬೀಜಕ್ಕೆ ರೈಜೋಬಿಯಂ ಜೀವಾಣು ಗೊಬ್ಬರ ಲೇಪಿಸಬೇಕು. ತಣಿದ ಬೆಲ್ಲದ ಪಾಕದಲ್ಲಿ ಕಲಸಿ, ಬೀಜಕ್ಕೆ ಹಚ್ಚಿ, ನೆರಳಿನಲ್ಲಿ ಆರಿಸಿ ಅಂದೇ ಬಿತ್ತಬೇಕು. ಹುರುಳಿ, ಅಲಸಂದೆ, ಸೆಣಬು ಮೂರಕ್ಕೂ ಒಂದೇ ಗುಂಪಿನ ಜೀವಾಣು ಒಗ್ಗುತ್ತದೆ. ಪ್ರತಿ ವರ್ಷ ಹುರುಳಿ ಬೆಳೆದ ನೆಲದಲ್ಲಿ ಇದು ಈಗಾಗಲೇ ಇರುತ್ತದೆ.

ಆರು ಅಡಿ ಪಾತಿಯೊಳಗೆ ಮಾತ್ರ ಏನನ್ನೂ ಬಿತ್ತಬಾರದು. ಅಲ್ಲಿ ಜೀವಂತ ಬೆಳೆ ಬೇಡ, ಕೊಯ್ದ ಸೊಪ್ಪು ಬೇಕು.

ಕೊಯ್ಯುವ ಕಾಲ

"ಹುರುಳಿ ಇಬ್ಬನಿಯಲ್ಲೇ ಬೆಳೆಯುತ್ತದೆ, ಅದು ನೆಲದ ನೀರು ಮುಟ್ಟುವುದಿಲ್ಲ" ಎಂಬ ನಂಬಿಕೆ ನಮ್ಮ ಹಳ್ಳಿಗಳಲ್ಲಿ ಬಲವಾಗಿದೆ. ಮಳೆ ಬಿಟ್ಟ ಮೇಲೂ ಹುರುಳಿ ಹಸಿರಾಗಿ ನಿಂತಿರುವುದನ್ನು ಕಂಡು ಹುಟ್ಟಿದ ಮಾತಿದು. ಆದರೆ ಒಂದು ರಾತ್ರಿ ಬೀಳುವ ಇಬ್ಬನಿ ಒಂದು ಮಿ.ಮೀ. ಕೂಡ ಆಗುವುದಿಲ್ಲ, ಬಿಸಿಲೇರುವಷ್ಟರಲ್ಲಿ ಅದೂ ಆರಿಹೋಗುತ್ತದೆ. ಗಿಡ ಹಸಿರಾಗಿರುವುದು ಅದರ ಬೇರು ಎರಡು ಮೂರು ಅಡಿ ಕೆಳಗಿನ ಹಸಿಯನ್ನು ಮೇಲಕ್ಕೆತ್ತುತ್ತಿರುವುದರಿಂದ. ಅದು ತೆಂಗಿನ ಬೇರು ಇರುವ ಆಳವೇ.

ಬರಿ ನೆಲದಿಂದಲೂ ನೀರು ಆವಿಯಾಗುತ್ತದಲ್ಲ ಎಂದು ಕೇಳಬಹುದು. ಆಗುತ್ತದೆ. ಆದರೆ ಮೇಲಿನ ಮೂರು ನಾಲ್ಕು ಅಂಗುಲ ಒಣಗಿದ ಮೇಲೆ ಆ ಒಣ ಪದರವೇ ಕೆಳಗಿನ ತೇವಕ್ಕೆ ಮುಚ್ಚಳವಾಗಿ ಆವಿಯಾಗುವುದು ನಿಧಾನವಾಗುತ್ತದೆ. ಜೀವಂತ ಬೆಳೆಗೆ ಈ ತಡೆಯಿಲ್ಲ.

ಡಿಸೆಂಬರ್ ತಿಂಗಳಲ್ಲಿ ದಟ್ಟವಾಗಿ ನಿಂತ ಹುರುಳಿ ದಿನಕ್ಕೆ ಕೇವಲ 2 ಮಿ.ಮೀ. ನೀರು ಎಳೆಯುತ್ತದೆಂದು ಇಟ್ಟುಕೊಳ್ಳೋಣ. 30 ದಿನಕ್ಕೆ 60 ಮಿ.ಮೀ. ಆಯಿತು. ನೆಲದ ಬೊಕ್ಕಸದಲ್ಲಿ ಇದ್ದುದೇ 100 ಮಿ.ಮೀ. ಒಂದು ಎಕರೆಯ ಮೇಲೆ ಒಂದು ಮಿ.ಮೀ. ನೀರೆಂದರೆ ಸುಮಾರು 4,000 ಲೀಟರು. ಬೆಳೆ ನಿಂತ ಏಳು ಪಾಲು ನೆಲಕ್ಕೆ ಲೆಕ್ಕ ಹಾಕಿದರೂ ತಿಂಗಳಿಗೆ ಎರಡು ಲಕ್ಷ ಲೀಟರು ಮೀರುತ್ತದೆ, ಮರಕ್ಕೆ ಹಂಚಿದರೆ ನಾಲ್ಕು ಸಾವಿರ ಲೀಟರಿಗೂ ಹೆಚ್ಚು. ಇದೆಲ್ಲವೂ ಮರಕ್ಕೇ ದಕ್ಕುತ್ತಿತ್ತೆಂದಲ್ಲ, ಸಾಲಿನ ನಡುವಿನ ನೀರನ್ನು ತೆಂಗಿನ ಬೇರು ಪೂರ್ತಿಯಾಗಿ ತಲುಪಲಾರದು. ಆದರೂ ಅದರಲ್ಲಿ ಕಾಲು ಪಾಲು ಉಳಿದರೂ ಮಾರ್ಚ್ ತಿಂಗಳಲ್ಲಿ ಟ್ಯಾಂಕರ್ ನೀರಿಗೆ ಹಣ ಕೊಟ್ಟವರಿಗೆ ಅದರ ಬೆಲೆ ತಿಳಿದಿದೆ.

ಆದ್ದರಿಂದ ಬಿತ್ತಿದ 45 ರಿಂದ 55 ದಿನಗಳಲ್ಲಿ, ಅರ್ಧದಷ್ಟು ಗಿಡಗಳಲ್ಲಿ ಹೂ ಕಾಣಿಸಿಕೊಂಡಾಗ ಬೆಳೆಯನ್ನು ಕೊಯ್ಯಬೇಕು. ಉತ್ತರೆಯಲ್ಲಿ ಬಿತ್ತಿದ್ದರೆ ಇದು ನವೆಂಬರ್ ಮೊದಲೆರಡು ವಾರಕ್ಕೆ, ಸ್ವಾತಿ-ವಿಶಾಖೆ ಮಳೆಗಳ ಕಾಲಕ್ಕೆ ಬರುತ್ತದೆ. ಆಗ ಕೊಯ್ಯುವುದರಿಂದ ಇನ್ನೆರಡು ಅನುಕೂಲಗಳಿವೆ. ಹೂ ಬಿಡುವ ಹೊತ್ತಿಗೆ ದಂಟು ಎಳೆಯದಾಗಿದ್ದು ಸೊಪ್ಪಿನಲ್ಲಿ ಸಾರಜನಕ ತುಂಬಿರುತ್ತದೆ, ನೆಲ ಹಸಿಯಿದ್ದರೆ ಎರಡು ಮೂರು ವಾರಗಳಲ್ಲಿ ಕೊಳೆಯುತ್ತದೆ. ಕಾಯಿ ಕಟ್ಟಿದ ಮೇಲೆ ಸಾರವೆಲ್ಲ ಕಾಳಿಗೆ ಹೋಗಿ ದಂಟು ನಾರಾಗುತ್ತದೆ. ನಾರಾದ ದಂಟನ್ನು ಮಣ್ಣಿಗೆ ಸೇರಿಸಿದರೆ ಅದನ್ನು ಕೊಳೆಸುವ ಜೀವಾಣುಗಳು ಮಣ್ಣಿನಲ್ಲಿರುವ ಸಾರಜನಕವನ್ನೇ ಬಳಸಿಕೊಂಡು, ಮರಕ್ಕೆ ಕೆಲವು ಕಾಲ ಕೊರತೆಯುಂಟುಮಾಡುತ್ತವೆ.

ಒಂದು ಗಿಡವನ್ನು ಬೇರುಸಹಿತ ಮೆಲ್ಲಗೆ ಅಗೆದು ಬೇರಿನ ಗಂಟನ್ನು ಉಗುರಿನಿಂದ ಸೀಳಿ ನೋಡಿರಿ. ಒಳಗೆ ನಸುಗೆಂಪು ಬಣ್ಣವಿದ್ದರೆ ಗಂಟು ಇನ್ನೂ ಕೆಲಸ ಮಾಡುತ್ತಿದೆ. ಹಸಿರು ಅಥವಾ ಕಂದು ಬಣ್ಣಕ್ಕೆ ತಿರುಗಿದ್ದರೆ ಅದರ ಕೆಲಸ ಮುಗಿದಿದೆ. ಇನ್ನು ಆ ಬೆಳೆಯನ್ನು ನಿಲ್ಲಿಸಿಕೊಳ್ಳುವುದರಿಂದ ನೆಲಕ್ಕೆ ಲಾಭವಿಲ್ಲ.

ಹೂವಿಗೆ ಕಾಯದೆ ಕೊಯ್ಯಬೇಕಾದ ವರ್ಷಗಳೂ ಬರುತ್ತವೆ. ಚಿತ್ತೆ ಮಳೆ ಬಾರದೆ ಹೋದರೆ ವಾರಕ್ಕೊಮ್ಮೆ ತೋಟದ ಎರಡು ಮೂರು ಕಡೆ ಒಂದು ಅಡಿ ಆಳಕ್ಕೆ ಅಗೆದು, ತಳದ ಮಣ್ಣನ್ನು ಅಂಗೈಯಲ್ಲಿ ಅಮುಕಿ ಉಂಡೆ ಮಾಡಿರಿ. ಉಂಡೆಯನ್ನು ಸೊಂಟದ ಎತ್ತರದಿಂದ ಬಿಟ್ಟಾಗ ಎರಡು ಮೂರು ಹೋಳಾದರೆ ಇನ್ನೊಂದು ವಾರ ಕಾಯಬಹುದು. ಉಂಡೆಯೇ ಕಟ್ಟದಿದ್ದರೆ ಅಥವಾ ಬಿದ್ದು ಪುಡಿಪುಡಿಯಾದರೆ ಹೂ ಇರಲಿ ಇಲ್ಲದಿರಲಿ, ಮೂರು ನಾಲ್ಕು ದಿನದೊಳಗೆ ಕೊಯ್ದುಬಿಡಬೇಕು. ಮೊಣಕಾಲೆತ್ತರ ಕೂಡ ಬಾರದ ಹಸಿರು ಬೆಳೆಯನ್ನು ಕೊಯ್ಯಲು ಮನಸ್ಸು ಒಪ್ಪುವುದಿಲ್ಲ. ಆದರೆ ತೋಟದಲ್ಲಿ ನಮ್ಮ ಬೆಳೆ ತೆಂಗು, ಹುರುಳಿಯಲ್ಲ.

ಕಾಳು ಬೇಕೆನ್ನುವವರಿಗೆ

ಹುರುಳಿ ಕಾಳನ್ನು ಬಿಟ್ಟುಬಿಡಿ ಎಂದು ಹೇಳುವುದು ಸುಲಭ. ಮನೆಗೆ ಸಾರಿಗೆ, ಎತ್ತು-ಎಮ್ಮೆಗಳಿಗೆ ಬೇಯಿಸಿ ಹಾಕಲು ಹುರುಳಿ ಬೇಕು, ಒಣ ಹೊಟ್ಟೂ ಮೇವಾಗುತ್ತದೆ. ಆದರೆ ಕಾಳಿಗೆ ಬೆಳೆದ ಹುರುಳಿಯನ್ನು ನಾವು ಬೇರುಸಹಿತ ಕಿತ್ತು ಕಣಕ್ಕೆ ಒಯ್ಯುತ್ತೇವೆ. ಹೊಲಕ್ಕೆ ಹಿಂದಿರುಗುವುದು ಉದುರಿದ ಎಲೆ ಮಾತ್ರ. ಹಾಗಾಗಿ "ಪ್ರತಿ ವರ್ಷ ತೋಟಕ್ಕೆ ಹುರುಳಿ ಹಾಕುತ್ತೇನೆ, ನೆಲ ಮಾತ್ರ ಸುಧಾರಿಸಲಿಲ್ಲ" ಎನ್ನುವುದರಲ್ಲಿ ಆಶ್ಚರ್ಯವಿಲ್ಲ.

ಮರದ ಸಾಲುಗಳ ನಡುವಿನ ಪಟ್ಟಿಗಳನ್ನು ಒಂದು ಬಿಟ್ಟು ಒಂದರಂತೆ ವಿಂಗಡಿಸಿ, ಒಂದು ಪಟ್ಟಿಯನ್ನು ಹೂವಿನಲ್ಲಿ ಕೊಯ್ದು ಇನ್ನೊಂದನ್ನು ಕಾಳಿಗೆ ಬಿಡಬಹುದು. ಮುಂದಿನ ವರ್ಷ ಅದಲು ಬದಲು ಮಾಡಬೇಕು. ಹೀಗೆ ಮಾಡಿದಾಗ ಪ್ರತಿ ಮರಕ್ಕೂ ಒಂದು ಮಗ್ಗುಲಲ್ಲಾದರೂ ನೀರು ಉಳಿಯುತ್ತದೆ. ಕಾಳಿಗೆ ಬಿಟ್ಟ ಪಟ್ಟಿಯಲ್ಲಿಯೂ ಪಾತಿಯ ಅಂಚಿನಿಂದ ಮೂರಡಿ ಒಳಗಿನ ಗಿಡಗಳನ್ನು ಕೊಯ್ದುಬಿಡುವುದು ಒಳ್ಳೆಯದು. ಗಿಡವನ್ನು ಕೀಳುವ ಬದಲು ಕುಡುಗೋಲಿನಿಂದ ಬುಡಕ್ಕೆ ಕೊಯ್ದರೆ ಬೇರಾದರೂ ನೆಲದಲ್ಲಿ ಉಳಿಯುತ್ತದೆ.

ಹಸಿ ಸೊಪ್ಪನ್ನು ದನಗಳಿಗೆ ಹಾಕುವುದರಲ್ಲಿಯೂ ತಪ್ಪಿಲ್ಲ, ಅವುಗಳ ಸಗಣಿ, ಗಂಜಲ ಅದೇ ತೋಟಕ್ಕೆ ಹಿಂದಿರುಗುವುದಾದರೆ.

ಕೊಯ್ದ ಸೊಪ್ಪನ್ನು ಏನು ಮಾಡಬೇಕು

ನೆಲದಲ್ಲಿ ಹಸಿ ಚೆನ್ನಾಗಿದ್ದು ಇನ್ನೊಂದು ಮಳೆಯ ನಿರೀಕ್ಷೆಯಿದ್ದರೆ ಮೂರು ನಾಲ್ಕು ಅಂಗುಲ ಆಳಕ್ಕೆ ಮೇಲಾಗಿ ಉತ್ತು ಮಣ್ಣಿಗೆ ಸೇರಿಸಬಹುದು. ಮಳೆ ಹಿಂದೆ ಸರಿದಿದ್ದರೆ ಉಳುವುದು ಬೇಡ, ಮಗುಚಿದ ಮಣ್ಣಿನಿಂದ ಇದ್ದ ಹಸಿಯೂ ಆರುತ್ತದೆ. ಆಗ ನೆಲಮಟ್ಟಕ್ಕೆ ಕೊಯ್ದು, ಸೊಪ್ಪನ್ನು ಪಾತಿಗೆ ತಂದು ಅರ್ಧ ಅಡಿ ದಪ್ಪಕ್ಕೆ ಹರಡಿ, ಮೇಲೆ ಒಣ ಗರಿಗಳನ್ನು ಅಡ್ಡಡ್ಡ ಹಾಕಬೇಕು. ಗರಿಯಿಲ್ಲದೆ ಬರಿ ಸೊಪ್ಪು ಹಾಕಿದರೆ ಸಂಕ್ರಾಂತಿಯ ಹೊತ್ತಿಗೆ ಒಣಗಿ ಗಾಳಿಗೆ ಹಾರಿಹೋಗುತ್ತದೆ. ಬುಡವನ್ನು ಎತ್ತರಕ್ಕೆ ಬಿಟ್ಟು ಕೊಯ್ದರೆ ಹುರುಳಿ ಮತ್ತೆ ಚಿಗುರುತ್ತದೆ ಎಂಬುದನ್ನು ಕೂಲಿಯವರಿಗೆ ಮೊದಲೇ ಹೇಳಿರಿ.

ಈಗ ಹಳ್ಳಿಹಳ್ಳಿಯಲ್ಲೂ ಟ್ರಾಕ್ಟರ್ ರೊಟವೇಟರ್ ಬಾಡಿಗೆಗೆ ಸಿಗುತ್ತದೆ. ಒಂದೇ ಸುತ್ತಿನಲ್ಲಿ ಹೊದಿಕೆಯನ್ನು ಪುಡಿ ಮಾಡಿ ಮಣ್ಣಿಗೆ ಬೆರೆಸುವುದರಿಂದ ಅನೇಕರಿಗೆ ಇದು ಪ್ರಿಯವಾಗಿದೆ. ಆದರೆ ವರ್ಷವೂ ರೊಟವೇಟರ್ ಹೊಡೆದ ಮಣ್ಣು ಹಿಟ್ಟಿನಂತಾಗಿ, ಮುಂದಿನ ಮಳೆಗೆ ಇನ್ನೂ ಬೇಗ ಹೆಪ್ಪುಗಟ್ಟುತ್ತದೆ. ಕೈಯಲ್ಲಿ ಹಿಡಿಯುವ ಕಳೆ ಕತ್ತರಿಸುವ ಯಂತ್ರದಿಂದ ನೆಲಮಟ್ಟಕ್ಕೆ ಸವರುವುದು ಇದಕ್ಕಿಂತ ಮೇಲು. ಅಣಬೆ ರೋಗವಿರುವ ತೋಟದಲ್ಲಂತೂ ಬೇರಿಗೆ ಗಾಯವಾಗುವಂತೆ ಆಳ ಉಳುಮೆ ಮಾಡಲೇಬಾರದು.

ಗೊಬ್ಬರದ ಲೆಕ್ಕ

ಹದವಾದ ವರ್ಷದಲ್ಲಿ ಎಕರೆಗೆ 3 ಟನ್ ಹಸಿ ಸೊಪ್ಪು ಬಂದಿತೆನ್ನೋಣ. ಹಸಿ ಸೊಪ್ಪಿನ ತೂಕದಲ್ಲಿ ಶೇಕಡಾ ಅರ್ಧದಷ್ಟು ಸಾರಜನಕವೆಂದರೆ 15 ಕಿಲೋ, ಅಂದರೆ ಸುಮಾರು 33 ಕಿಲೋ ಯೂರಿಯಾಕ್ಕೆ ಸಮ. 48 ಮರಗಳಿಗೆ ಹಂಚಿದರೆ ಮರಕ್ಕೆ 300 ಗ್ರಾಂ ಆಗುತ್ತದೆ. ಫಲ ಬಿಡುವ ಮರಕ್ಕೆ ವರ್ಷಕ್ಕೆ ಶಿಫಾರಸು ಮಾಡಿರುವುದು 500 ಗ್ರಾಂ ಸಾರಜನಕ, 320 ಗ್ರಾಂ ರಂಜಕ, 1,200 ಗ್ರಾಂ ಪೊಟ್ಯಾಷ್. ಇದನ್ನು ನೋಡಿ ಯೂರಿಯಾವನ್ನು ಅರ್ಧಕ್ಕಿಂತ ಕಡಿಮೆ ಮಾಡಬಹುದೆಂದು ಆತುರಪಡಬಾರದು. ಸೊಪ್ಪಿನ ಸಾರಜನಕದಲ್ಲಿ ಒಂದು ಪಾಲು ಅದೇ ನೆಲದಿಂದ ತೆಗೆದದ್ದು, ಉಳಿದದ್ದೂ ಒಂದೇ ವರ್ಷದಲ್ಲಿ ಮರಕ್ಕೆ ದೊರೆಯುವುದಿಲ್ಲ. ಮೂರು ನಾಲ್ಕು ವರ್ಷ ಬಿಡದೆ ಮಾಡಿದ ಮೇಲೆ, ಮಣ್ಣು ಪರೀಕ್ಷೆ ಮಾಡಿಸಿ, ಮೆಲ್ಲಗೆ ಕಡಿಮೆ ಮಾಡಿರಿ.

ಪೊಟ್ಯಾಷನ್ನು ಮಾತ್ರ ಯಾವ ಹೊದಿಕೆ ಬೆಳೆಯೂ ಹೊಸದಾಗಿ ಹುಟ್ಟಿಸುವುದಿಲ್ಲ, ನೆಲದಲ್ಲಿ ಇದ್ದುದನ್ನು ತಿರುಗಿಸಿ ಕೊಡುತ್ತದೆ ಅಷ್ಟೇ. ಕಾಯಿಯೊಂದಿಗೆ ತೋಟದಿಂದ ಹೊರಗೆ ಹೋಗುವ ಪೊಟ್ಯಾಷಿನಲ್ಲಿ ಬಹುಪಾಲು ಮಟ್ಟೆಯಲ್ಲಿದೆ. ಮಟ್ಟೆಯನ್ನು ಒಲೆಗೆ ಹಾಕಿದರೆ ಬೂದಿಯನ್ನಾದರೂ ಪಾತಿಗೆ ತರಬೇಕು.

ಕೆಲವು ಎಚ್ಚರಿಕೆಗಳು

ಹಂಬು ಹರಡಿದ ತೋಟದಲ್ಲಿ ಉದುರಿದ ಕಾಯಿ ಕಾಣುವುದಿಲ್ಲ. ಕಾಯಿ ಕೆಡವುವ ದಿನವನ್ನು ಹೊದಿಕೆ ಕೊಯ್ದ ಮೇಲೆ ಇಟ್ಟುಕೊಂಡರೆ ಹುಡುಕುವ ಶ್ರಮವೂ, ಹಾವಿನ ಭಯವೂ ತಪ್ಪುತ್ತದೆ. ದಟ್ಟ ಹೊದಿಕೆಯಲ್ಲಿ ಇಲಿಗಳು ಸೇರಿಕೊಳ್ಳುತ್ತವೆ, ಬದುವಿನಂಚಿನ ಎರಡು ಮೂರಡಿ ಜಾಗವನ್ನು ಬಿತ್ತದೆ ಬಿಡುವುದು ಒಳ್ಳೆಯದು. ಸೊಪ್ಪನ್ನು ಒಂದೆಡೆ ಗುಡ್ಡೆ ಹಾಕಿ ಕೊಳೆಯಲು ಬಿಡಬಾರದು, ಸುಳಿ ಕೊರೆಯುವ ದುಂಬಿ ಅಂತಹ ಗುಡ್ಡೆಗಳಲ್ಲಿಯೇ ಮೊಟ್ಟೆಯಿಡುತ್ತದೆ. ತೆಳುವಾಗಿ ಹರಡಿದ ಹೊದಿಕೆಯಲ್ಲಿ ಈ ತೊಂದರೆ ಕಡಿಮೆ. ಎಳೆ ಸಸಿಗಳ ಕಾಂಡಕ್ಕೆ ಸೊಪ್ಪು ತಾಗದಂತೆ ಅರ್ಧ ಅಡಿ ದೂರವಿಟ್ಟರೆ ಗೆದ್ದಲಿನ ಕಾಟ ತಪ್ಪುತ್ತದೆ. ಫೆಬ್ರವರಿ-ಮಾರ್ಚ್‌ನಲ್ಲಿ ಒಣಗಿದ ಪಾತಿಯ ಹೊದಿಕೆಗೆ ಬೆಂಕಿ ಬಿದ್ದರೆ ಬುಡವೇ ಬೇಯುತ್ತದೆ. ಬದು ಸುಡುವ ಅಭ್ಯಾಸವನ್ನು ನೆರೆಯ ರೈತರೂ ಬಿಡುವಂತೆ ಮಾತನಾಡಿಕೊಳ್ಳಬೇಕು.

ಹನಿ ನೀರಾವರಿ ಇರುವ ತೋಟದಲ್ಲಿ ನವೆಂಬರ್ ಕೊನೆಯವರೆಗೆ ಕಾಯಬಹುದು, ಆದರೆ ಕೊಳವೆ ಬಾವಿಯ ನೀರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಸಸಿ ನೆಟ್ಟು ಏಳೆಂಟು ವರ್ಷದೊಳಗಿನ ತೋಟದಲ್ಲಿಯೂ, 25 ವರ್ಷ ದಾಟಿದ ತೋಟದಲ್ಲಿಯೂ ಬೆಳಕು ಧಾರಾಳವಾಗಿರುವುದರಿಂದ ಹೊದಿಕೆ ಚೆನ್ನಾಗಿ ಬರುತ್ತದೆ. ನಡುವಿನ ವಯಸ್ಸಿನ ಒತ್ತಾದ ತೋಟದಲ್ಲಿ ಹುರುಳಿ ಸಪೂರವಾಗಿ ಏಳುತ್ತದೆ, ಅಲ್ಲಿ ಅಲಸಂದೆಯನ್ನು ಪ್ರಯತ್ನಿಸಬಹುದು.

ಹೂವಿನಲ್ಲಿಯೇ ಕೊಯ್ದರೆ ಮುಂದಿನ ವರ್ಷಕ್ಕೆ ಬೀಜವಿರುವುದಿಲ್ಲವೆಂಬುದೊಂದು ತೊಡಕು. ಇದಕ್ಕಾಗಿ ತೋಟದ ಹೊರಗಿನ ಹೊಲದಲ್ಲಿ ಐದು ಗುಂಟೆ ಹುರುಳಿಯನ್ನು ಬೀಜಕ್ಕೆಂದೇ ಬಿಡಿ. ಎಕರೆಗೆ ಎರಡು ಕ್ವಿಂಟಲ್ ಇಳುವರಿಯ ಲೆಕ್ಕದಲ್ಲಿ 25 ಕಿಲೋ ಬೀಜ ಬರುತ್ತದೆ, ಎರಡು ಎಕರೆ ತೋಟಕ್ಕೆ ಸಾಕು. ಚೆನ್ನಾಗಿ ಒಣಗಿಸಿ, ಬೂದಿ ಅಥವಾ ಒಣ ಮರಳು ಬೆರೆಸಿ, ಗಾಳಿಯಾಡದ ಡಬ್ಬಿಯಲ್ಲಿ ತುಂಬಿಟ್ಟರೆ ಮುಂದಿನ ಉತ್ತರೆಯವರೆಗೆ ಹುಳು ಬೀಳದಂತೆ ಕಾಪಾಡಬಹುದು.